ಹಳೆ ಸೀರೆ ಕೌದಿಗೋ, ಚೀಲಕ್ಕೋ, ಲಂಗಕ್ಕೋ? ಮನೆಯಲ್ಲೇ ಹೊಲಿಯುವವರಿಗೆ ಒಂದು ಹೋಲಿಕೆ

ಬೆಂಗಳೂರಿನ ಬಹುತೇಕ ಮನೆಗಳ ಬೀರುವಿನಲ್ಲಿ ಮೂರು ಗಂಟುಗಳಿರುತ್ತವೆ. ಉಡದೇ ಇಟ್ಟ ಹಳೆ ಸೀರೆಗಳದ್ದು ಒಂದು. ಅರಿಶಿನ ಕುಂಕುಮಕ್ಕೆ ಹೋದಾಗಲೆಲ್ಲ ಬಂದು ಸೇರಿದ ಬ್ಲೌಸ್ ಪೀಸ್‌ಗಳದ್ದು ಇನ್ನೊಂದು. ಮಕ್ಕಳಿಗೆ ಚಿಕ್ಕದಾದ ಟೀ ಶರ್ಟು, ಮಂಡಿ ಹರಿದ ಜೀನ್ಸು, ನಡು ಸವೆದ ಬೆಡ್‌ಶೀಟುಗಳದ್ದು ಮೂರನೆಯದು. ಬಿಸಾಡಲು ಮನಸ್ಸು ಬರುವುದಿಲ್ಲ, ಇಡಲು ಜಾಗ ಇರುವುದಿಲ್ಲ. ಈ ಗಂಟುಗಳಿಂದ ಮನೆಗೆ, ಮಕ್ಕಳಿಗೆ ಏನು ಹೊಲಿಯಬಹುದು, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಇಲ್ಲಿ ಹೋಲಿಸಿ ನೋಡಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಏನು ಹೊಲಿಯಬೇಕು ಅನ್ನೋದನ್ನು ತೀರ್ಮಾನಿಸಬೇಕಾದದ್ದು ಬಟ್ಟೆಯಲ್ಲಿ ಉಳಿದಿರುವ ಗಟ್ಟಿತನ ನೋಡಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ವಿಡಿಯೋದಲ್ಲಿ ಚೆಂದದ ಬ್ಯಾಗ್ ನೋಡುತ್ತಾರೆ. ಅದಕ್ಕೆ ಬೇಕಾದ ಕ್ಯಾನ್ವಾಸ್, ಫೋಮ್, ಜಿಪ್, ಲೇಸ್ ಎಲ್ಲವನ್ನೂ ಹೊಸದಾಗಿ ತರುತ್ತಾರೆ. ಕೊನೆಗೆ ಲೆಕ್ಕ ಹಾಕಿದರೆ ಅಂಗಡಿಯ ಬ್ಯಾಗಿಗಿಂತ ಜಾಸ್ತಿ ಖರ್ಚಾಗಿರುತ್ತದೆ. ಹಳೆ ಸೀರೆ ಮಾತ್ರ ಬೀರುವಿನಲ್ಲೇ ಇರುತ್ತದೆ.

ಗಟ್ಟಿತನ ನೋಡುವುದು ಸುಲಭ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಲ್ಲಿ ಎಳೆ ತೆಳುವಾಗಿದೆಯೋ ಅಲ್ಲಿ ಬೆಳಕು ಜಾಸ್ತಿ ತೂರುತ್ತದೆ. ಆಮೇಲೆ ಎರಡು ಹೆಬ್ಬೆರಳು ಇಟ್ಟು ಅಡ್ಡಕ್ಕೂ ಉದ್ದಕ್ಕೂ ಜಗ್ಗಿ. ಜಗ್ಗಿದ ಕೂಡಲೇ ಎಳೆ ಬಿಟ್ಟುಕೊಂಡರೆ ಆ ಬಟ್ಟೆ ಒಂಟಿಯಾಗಿ ನಿಲ್ಲುವುದಿಲ್ಲ, ಪದರ ಪದರವಾಗಿ ಹೊಲಿಯುವುದಕ್ಕೆ ಮಾತ್ರ ಸರಿ. ಕಾಟನ್ನೋ ಸಿಂಥೆಟಿಕ್ಕೋ ಗೊತ್ತಾಗದಿದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಡಿ. ಕಾಟನ್ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿ. ಬಣ್ಣ ಬಿಡುವ ಕೆಂಪು ಸೀರೆಯನ್ನು ಬಿಳಿ ಪಂಚೆಯ ಜೊತೆ ಸೇರಿಸಿ ಹೊಲಿದರೆ ಮೊದಲ ಒಗೆತದಲ್ಲೇ ಅಷ್ಟೂ ಕೆಲಸ ಹಾಳು.

ಮೆತ್ತಗಾದ ಕಾಟನ್ ಸೀರೆಗೆ ಕೌದಿ

ನನ್ನನ್ನು ಕೇಳಿದರೆ, ಉಟ್ಟು ಒಗೆದು ಮೆತ್ತಗಾದ ಕಾಟನ್ ಸೀರೆಗೆ ಕೌದಿಗಿಂತ ಒಳ್ಳೆಯ ದಾರಿ ಇಲ್ಲ. ಸವೆದ ಬಟ್ಟೆಯನ್ನೇ ನಂಬಿ ಹುಟ್ಟಿದ ಹೊಲಿಗೆ ಅದು. ಒಂದು ಪದರ ಎಲ್ಲೋ ಪಿಸಿದರೂ ಉಳಿದ ಪದರಗಳು ಹಿಡಿದುಕೊಳ್ಳುತ್ತವೆ. ಒತ್ತೊತ್ತಾಗಿ ಹಾಕಿದ ಎಳೆ ಹೊಲಿಗೆ ಹರಿದ ಜಾಗವನ್ನು ಅಲ್ಲೇ ನಿಲ್ಲಿಸುತ್ತದೆ. ಹೊಸ ಬಟ್ಟೆಯಲ್ಲಿ ಕೌದಿ ಹೊಲಿದರೆ ಬಿರುಸಾಗಿರುತ್ತದೆ, ಹೊದ್ದರೆ ಮೈಗೆ ಅಂಟುವುದಿಲ್ಲ. ಹಳೆಯದೇ ಬೇಕು.

ಅಳತೆಯನ್ನು ಸೀರೆಯೇ ಕೊಡುತ್ತದೆ. ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 45 ಇಂಚಿನ ಆಸುಪಾಸು ಅಗಲ. ಉದ್ದವನ್ನು ಐದು ಸಮ ಮಡಿಕೆ ಮಾಡಿದರೆ ಹೆಚ್ಚುಕಡಿಮೆ 43 ಇಂಚು ಬರುತ್ತದೆ. ಅಂದರೆ ಒಂದೇ ಸೀರೆಯಲ್ಲಿ, ಕತ್ತರಿ ಹಾಕದೆ, ಐದು ಪದರದ ಚೌಕ ಸಿಗುತ್ತದೆ. ಮಗುವನ್ನು ನೆಲದ ಮೇಲೆ ಮಲಗಿಸಲು, ಬೋರಲು ಬೀಳಲು ಕಲಿಯುವಾಗ ಹಾಸಲು ಇದು ಸರಿಯಾದ ಅಳತೆ. ವರ್ಷ ತುಂಬದ ಮಗುವಿಗೆ ಇದನ್ನು ಹೊದಿಸಬೇಡಿ, ಕೆಳಗೆ ಹಾಸಿ. ದೊಡ್ಡವರಿಗಾದರೆ ಎರಡು ಸೀರೆ ತೆಗೆದುಕೊಳ್ಳಿ. ಒಂದೊಂದನ್ನೂ ಉದ್ದದಲ್ಲಿ ಅರ್ಧಕ್ಕೆ ಮಡಚಿ ಒಂದರ ಮೇಲೊಂದು ಇಡಿ. ಒಬ್ಬರು ಹೊದೆಯುವಷ್ಟು ಅಗಲದ, ಕಾಲ ಕೆಳಗೆ ಮಡಚಿಕೊಳ್ಳುವಷ್ಟು ಉದ್ದದ ನಾಲ್ಕು ಪದರದ ಕೌದಿ ಆಗುತ್ತದೆ.

ನಾಲ್ಕು ಪದರ ಸಾಕೇ? ಬೆಂಗಳೂರಿಗೆ ಸಾಕು. ಡಿಸೆಂಬರ್, ಜನವರಿಯ ರಾತ್ರಿಯಲ್ಲೂ ಇಲ್ಲಿ ಸಾಮಾನ್ಯವಾಗಿ 15-16 ಡಿಗ್ರಿಯ ಚಳಿ. ಎಂಟು ಪದರ ಹಾಕಿದರೆ ಬೇರೆಯೇ ತಾಪತ್ರಯ. ಜುಲೈ, ಆಗಸ್ಟ್‌ನ ಮೋಡದಲ್ಲಿ ಅಪಾರ್ಟ್‌ಮೆಂಟ್ ಬಾಲ್ಕನಿಯ ಹಗ್ಗದ ಮೇಲೆ ಅದು ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ನಾಲ್ಕು ಪದರದ್ದು ವಾಷಿಂಗ್ ಮಷಿನ್ನಿಗೂ ಆರಾಮಾಗಿ ಹಿಡಿಸುತ್ತದೆ. ಅಂಗಡಿಯ ರಜಾಯಿಯ ಒಳಗೆ ಹೆಚ್ಚಾಗಿ ಹತ್ತಿಯಂತೆ ಕಾಣುವ ಪಾಲಿಯೆಸ್ಟರ್ ಇರುತ್ತದೆ. ಇಲ್ಲಿನ ಹವೆಗೆ ಅರ್ಧ ರಾತ್ರಿಯಲ್ಲೇ ಬೆವರಿ ಒದ್ದುಬಿಡುತ್ತೇವೆ, ಅಲ್ವಾ?

ಕೈಹೊಲಿಗೆಯೋ ಮಷಿನ್ನೋ? ತೊಟ್ಟಿಲ ಅಳತೆಯದ್ದನ್ನು ಮಷಿನ್ನಿನಲ್ಲಿ ಹೊಲಿಯಬಹುದು. ದೊಡ್ಡದು ಮನೆಯ ಮಷಿನ್ನಿನ ತೋಳಿನ ಕೆಳಗೆ ಸುರುಳಿ ಸುತ್ತಿ ತೂರಿಸುವುದೇ ಕಷ್ಟ. ಪದರಗಳು ಜಾರಿ ಸುಕ್ಕಾಗುತ್ತವೆ, ಹೊಲಿದದ್ದೂ ಬಿರುಸಾಗುತ್ತದೆ. ದೊಡ್ಡ ಕೌದಿಗೆ ಕೈಯೇ ಸರಿ. ಸಂಜೆ ಹೊತ್ತು ಟಿವಿ ನೋಡುತ್ತಾ, ಮಕ್ಕಳ ಹೋಂವರ್ಕಿನ ಪಕ್ಕ ಕೂತು ಹೊಲಿದರೆ ಕೆಲವು ವಾರಗಳಲ್ಲಿ ಮುಗಿಯುತ್ತದೆ. ತಿಂಗಳೂ ಹಿಡಿಯಬಹುದು, ಅವಸರ ಬೇಡ.

ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರು ಅಂಚಿನಿಂದ ಹೊಲಿಯುತ್ತಾ ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ತುಂಡುಗಳನ್ನು ಹೊಲಿಯುತ್ತಲೇ ಸೇರಿಸಿಕೊಂಡು ಹೋಗುತ್ತಾರೆ. ಮುಗಿದ ಮೇಲೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನ ಸೇರಿಸುತ್ತಾರೆ, ಅದಕ್ಕೆ ಫುಲ ಎನ್ನುತ್ತಾರೆ. ಹೊಸಬರಿಗೆ ಈ ದಾರಿಯ ಲಾಭ ಏನೆಂದರೆ ಅಂಚು ಮೊದಲೇ ಭದ್ರವಾಗಿಬಿಡುತ್ತದೆ, ಕೊನೆಯಲ್ಲಿ ಬೇರೆ ಪಟ್ಟಿ ಕೂರಿಸುವ ಕೆಲಸ ಇಲ್ಲ. ಆದರೆ ಪದರಗಳ ನಡುವೆ ಗಾಳಿ ಉಳಿದು ನಡುವಿನಲ್ಲಿ ಉಬ್ಬು ಬರಬಾರದು. ಅದಕ್ಕೇ ಮೊದಲು ನೆಲದ ಮೇಲೆ ಹರಡಿ, ಕೈಯಿಂದ ಸವರಿ, ಗೇಣಿಗೊಂದು ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ದಾರ ದಪ್ಪ ಕಾಟನ್ನಿನದೇ ಇರಲಿ. ಹಳೆ ಕಾಟನ್ ಬಟ್ಟೆಗೆ ಕಾಟನ್ ದಾರವೇ ಹೊಂದುತ್ತದೆ.

ಬಟ್ಟೆ ಕೌದಿಯ ಹೊರಪದರಕ್ಕೂ ತಾಳದಷ್ಟು ಸವೆದಿದ್ದರೆ? ಹಳೆ ಕಾಟನ್ ಪಂಚೆಯಾದರೆ ಹುಟ್ಟಿದ ಮಗುವಿಗೆ ಲಂಗೋಟಿ ಮಾಡಿ. ಆ ಮೆದುತನ ಹೊಸ ಬಟ್ಟೆಯಲ್ಲಿ ಸಿಗುವುದಿಲ್ಲ. ಸೀರೆಯಾದರೆ ಕೌದಿಯ ಒಳಪದರಕ್ಕೆ ಹಾಕಿ.

ಚೀಲಗಳು: ಯಾವುದರಲ್ಲಿ ಯಾವುದು

ಚೀಲದ ವಿಷಯದಲ್ಲಿ ತಪ್ಪು ಆಯ್ಕೆ ಬಹಳ ಆಗುತ್ತದೆ. ಜೀನ್ಸ್ ಗಟ್ಟಿ ಅಂತ ತರಕಾರಿ ಚೀಲಕ್ಕೆ ಅದನ್ನೇ ಕತ್ತರಿಸುತ್ತಾರೆ. ಗಟ್ಟಿಯೇನೋ ನಿಜ. ಆದರೆ ಖಾಲಿ ಚೀಲವೇ ಭಾರ, ಮಡಚಿದರೆ ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಸುವುದಿಲ್ಲ, ಸೊಪ್ಪಿನ ನೀರು ತಗುಲಿದರೆ ಬೇಗ ಒಣಗುವುದೂ ಇಲ್ಲ. ಮೂರು ದಿನ ಒಯ್ದು ನಾಲ್ಕನೇ ದಿನ ಬಾಗಿಲ ಹಿಂದೆ ನೇತುಹಾಕುತ್ತೇವೆ. ಜೀನ್ಸನ್ನು ಸಾಮಾನು ತುಂಬಿಡುವ ಬುಟ್ಟಿಗೆ, ಮಕ್ಕಳ ಪೆನ್ಸಿಲ್ ಪೌಚಿಗೆ, ಮಷಿನ್ ಹೊದಿಕೆಗೆ ಇಟ್ಟುಕೊಳ್ಳಿ. ಗಾಂಧಿಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ತರಕಾರಿ ತರಲು ಒಯ್ಯುವ ಚೀಲಕ್ಕೆ ಹಳೆ ಬೆಡ್‌ಶೀಟಿನ ಅಂಚೇ ಸೂಕ್ತ. ಬೆಡ್‌ಶೀಟು ಸವೆಯುವುದು ನಡುವಿನಲ್ಲಿ. ಎರಡು ಬದಿಯ ಒಂದೊಂದು ಮೊಳ ಹೊಸದರಷ್ಟೇ ಗಟ್ಟಿಯಿರುತ್ತದೆ.

ಈ ಚೀಲಕ್ಕೆ ಮೂರು ಸಂಗತಿ ಮುಖ್ಯ. ಬದಿಗಳಿಗೆ ಎರಡು ಸಲ ಹೊಲಿಗೆ ಹಾಕಿ: ಮೊದಲು ಒಳಮೈ ಒಳಗಿಟ್ಟು ಕಾಲಿಂಚಿನಲ್ಲಿ ಒಂದು, ತಿರುಗಿಸಿ ಒಳಗಿನಿಂದ ಇನ್ನೊಂದು. ಎಳೆ ಒಳಗೇ ಮುಚ್ಚಿಹೋಗುತ್ತದೆ, ಎಳೆ ಬಿಡದಂತೆ ಅಂಚು ಕಟ್ಟುವ ಓವರ್‌ಲಾಕ್ ಬೇಕಾಗುವುದಿಲ್ಲ. ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಡಿದು ಅಡ್ಡಕ್ಕೆ ಮೂರು ನಾಲ್ಕು ಇಂಚು ಹೊಲಿದರೆ ತಳ ಚಪ್ಪಟೆಯಾಗಿ ಚೀಲ ನಿಲ್ಲುತ್ತದೆ, ಟೊಮೆಟೊ ಜಜ್ಜಿಹೋಗುವುದಿಲ್ಲ. ಚೀಲ ಹರಿಯುವುದು ಯಾವಾಗಲೂ ಹಿಡಿ ಸೇರಿಸಿದ ಜಾಗದಲ್ಲಿ. ಅಲ್ಲಿ ಚೌಕ ಹೊಲಿದು ಅದರೊಳಗೆ ಎಕ್ಸ್ ಆಕಾರದಲ್ಲಿ ಇನ್ನೆರಡು ಗೆರೆ ಹಾಕಿ.

ಇನ್ನು ಬ್ಲೌಸ್ ಪೀಸ್. ಒಬ್ಬರ ಮನೆಯಿಂದ ಬಂದದ್ದು ಇನ್ನೊಬ್ಬರ ಮನೆಗೆ ಹೋಗಿ, ಸುತ್ತು ಹೊಡೆದು ನಮ್ಮ ಮನೆಗೇ ವಾಪಸು ಬರುವುದೂ ಉಂಟು. ಯಾರೂ ಹೊಲಿಸುವುದಿಲ್ಲ, ಹೊಲಿಸುವ ಕೂಲಿಯೇ ಬಟ್ಟೆಗಿಂತ ಜಾಸ್ತಿ. ಅದರಲ್ಲಿ ತಾಂಬೂಲದ ಚೀಲ ಹೊಲಿಯಿರಿ. 80 ಸೆಂಟಿಮೀಟರ್ ಉದ್ದ, 36 ಇಂಚು ಅಗಲದ ಪೀಸಿನಲ್ಲಿ ನಾಲ್ಕು ಚೀಲ ಬರುತ್ತವೆ. ಅಗಲದಲ್ಲಿ ಒಂಬತ್ತು ಇಂಚಿನಂತೆ ನಾಲ್ಕು ಭಾಗ ಮಾಡಿ, ಪ್ರತಿಯೊಂದನ್ನೂ 23 ಇಂಚು ಉದ್ದಕ್ಕೆ ಕತ್ತರಿಸಿ. ಮಡಚಿ ಹೊಲಿದರೆ ಎಂಟಕ್ಕೆ ಹತ್ತು ಇಂಚಿನ ಚೀಲ. ಉಳಿದ ಎಂಟು ಇಂಚಿನ ಪಟ್ಟಿಯಲ್ಲಿ ಹಿಡಿಗಳು: ಎರಡೂವರೆ ಇಂಚು ಅಗಲ, 12 ಇಂಚು ಉದ್ದದ ಒಂಬತ್ತು ತುಂಡು ಸಿಗುತ್ತವೆ, ಬೇಕಾದದ್ದು ಎಂಟು. ತೆಂಗಿನಕಾಯಿ ಹಾಕುವುದಾದರೆ ತೆಳು ಪೀಸು ತಾಳುವುದಿಲ್ಲ, ಎರಡು ಪದರ ಮಾಡಿ. ಆಗ ಒಂದು ಪೀಸಿಗೆ ಎರಡೇ ಚೀಲ.

ಇದನ್ನು ಅಂಗಡಿಯ ಚೀಲದ ಜೊತೆ ಹೋಲಿಸುವಾಗ ಒಂದು ವಿಷಯ ನೆನಪಿರಲಿ. ಮದುವೆ ಮನೆಗಳಲ್ಲಿ ಕೊಡುವ, ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಬಟ್ಟೆಯಲ್ಲ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಪ್ಲಾಸ್ಟಿಕ್ ಕೈಚೀಲವನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿತು. ಆದರೂ ಹಬ್ಬದ ಮರುದಿನ ರಸ್ತೆ ಬದಿಯಲ್ಲಿ ಈ ಬಣ್ಣದ ಚೀಲಗಳೇ ಕಾಣುತ್ತವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಇಪ್ಪತ್ತು ಚೀಲ ಬೇಕಾದರೆ ಐದು ಬ್ಲೌಸ್ ಪೀಸ್ ಸಾಕು, ಅಷ್ಟು ಯಾರ ಮನೆಯಲ್ಲಿಲ್ಲ?

ರೇಷ್ಮೆ ಸೀರೆ: ಮಾರಬೇಕೋ, ಹೊಲಿಯಬೇಕೋ

ರೇಷ್ಮೆಗೆ ಬಂದಾಗ ಲೆಕ್ಕವೇ ಬೇರೆ. ಇಲ್ಲಿ ಮಾರುವ ದಾರಿಯೂ ಇದೆ. ಜರಿಯಲ್ಲಿರುವ ಬೆಳ್ಳಿಗಾಗಿ ಹಳೆ ರೇಷ್ಮೆ ಸೀರೆ ಕೊಳ್ಳುವವರು ಪೇಟೆಯಲ್ಲಿದ್ದಾರೆ. ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯ ಮೈಸೂರು ಸಿಲ್ಕಿನ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಇರುತ್ತದೆ. ಅಂಥ ಅಸಲಿ ಜರಿಯ ಸೀರೆ ಪೂರಾ ಪಿಸಿದುಹೋಗಿದ್ದರೆ ಮಾರುವುದೇ ವಾಸಿ, ಆದರೆ ಒಂದೇ ಕಡೆ ಕೇಳಿ ಕೊಟ್ಟುಬಿಡಬೇಡಿ. ಈಗಿನ ಬಹಳಷ್ಟು ಸೀರೆಗಳ ಜರಿ ತಾಮ್ರದ್ದೋ ಪ್ಲಾಸ್ಟಿಕ್ಕಿನದ್ದೋ ಆಗಿರುತ್ತದೆ. ಅದಕ್ಕೆ ಬೆಲೆ ಬರುವುದಿಲ್ಲ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರಿಗೆ ರೇಷ್ಮೆಯನ್ನು ಮಾತ್ರ ಕೊಡಬೇಡಿ.

ಸೀರೆಯ ಒಂದಷ್ಟು ಭಾಗವಾದರೂ ಗಟ್ಟಿಯಿದ್ದು, ಮನೆಯಲ್ಲಿ ಹೆಣ್ಣುಮಗು ಇದ್ದರೆ ಲಂಗವೇ ನನ್ನ ಆಯ್ಕೆ. ರೇಷ್ಮೆ ಸೀರೆ ಮೊದಲು ಬಿರುಕು ಬಿಡುವುದು ನೆರಿಗೆಯ ಮಡಿಕೆಯಲ್ಲಿ, ಭುಜದ ಮೇಲಿನ ಸೆರಗಿನಲ್ಲಿ. ಮೊದಲ ಸುತ್ತಿನ ಒಳಭಾಗ ಗಟ್ಟಿಯಾಗಿಯೇ ಉಳಿದಿರುತ್ತದೆ. ಐದು ವರ್ಷದ ಮಗುವಿಗೆ ಸೊಂಟದಿಂದ ಪಾದದವರೆಗೆ ಸುಮಾರು 24 ಇಂಚು. ಸೊಂಟಪಟ್ಟಿಗೆ ಎರಡು, ಟಕ್ಸಿಗೆ (ಮುಂದೆ ಬಿಚ್ಚಿ ಉದ್ದ ಮಾಡಲು ಹೊಲಿದಿಡುವ ಮಡಿಕೆಗೆ) ನಾಲ್ಕು ಸೇರಿಸಿ ಅಂಚಿನಿಂದ ಮೇಲಕ್ಕೆ 30 ಇಂಚು ಕತ್ತರಿಸಿ. ಸೀರೆ ಪೂರ್ತಿ ಚೆನ್ನಾಗಿದ್ದರೆ ಐದೂವರೆ ಮೀಟರಿನಲ್ಲಿ ಅಕ್ಕ ತಂಗಿ ಇಬ್ಬರಿಗೂ ತಲಾ ಎರಡು ಮುಕ್ಕಾಲು ಮೀಟರ್ ಘೇರಿನ (ಸುತ್ತಳತೆಯ) ಲಂಗ ಆಗುತ್ತದೆ. ಇನ್ನೊಂದು ಅಂಚಿನ ಕಡೆ ಉಳಿಯುವ ಹದಿನೈದು ಇಂಚಿನ ಪಟ್ಟಿಯಲ್ಲಿ ಬ್ಲೌಸು.

ಟಕ್ಸ್ ಬಿಡದೇ ಲಂಗ ಹೊಲಿಸಬೇಡಿ. ಒಂದಿಂಚಿನ ಒಂದು ಟಕ್ಸ್ ಬಿಚ್ಚಿದರೆ ಎರಡು ಇಂಚು ಉದ್ದ ಸಿಗುತ್ತದೆ. ಆ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ, ಸೊಂಟದ ಕೆಳಗೆ ಅದರ ಒಂದು ಭಾಗ ಮಾತ್ರ. ಎರಡು ಟಕ್ಸ್ ಇದ್ದರೆ ಎರಡು ವರ್ಷದ ಹಬ್ಬಗಳಿಗಂತೂ ಚಿಂತೆಯಿಲ್ಲ. ಅಂಚಿನ ಮೇಲ್ಗಡೆಯೇ ಟಕ್ಸ್ ಹಾಕಿಸಿದರೆ ಬಿಚ್ಚಿದ ಗುರುತು ಗೆರೆಯ ವಿನ್ಯಾಸದ ಹಾಗೆ ಕಾಣುತ್ತದೆ. ಒಳಗೆ ಕಾಟನ್ ಲೈನಿಂಗ್ ಕೊಡಲೇಬೇಕು. ಹಳೆ ರೇಷ್ಮೆಯ ಮೇಲಿನ ಎಳೆತ ಅದಕ್ಕೆ ಹೋಗುತ್ತದೆ. ರೇಷ್ಮೆ ಸೀರೆಯ ಕುಶನ್ ಕವರ್, ಕರ್ಟನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಕರ್ಟನ್ ಬೇಡ ಅಂತಲೇ ಹೇಳುತ್ತೇನೆ. ಪಶ್ಚಿಮದ ಕಿಟಕಿಯ ಬಿಸಿಲು ರೇಷ್ಮೆಯನ್ನು ಬೇಗ ಪುಡಿ ಮಾಡುತ್ತದೆ.

ಕರ್ಟನ್ನಿಗೆ ಜಾರ್ಜೆಟ್, ಪಾಲಿಯೆಸ್ಟರ್ ಸೀರೆಗಳೇ ಸರಿ. ಅವು ಕೌದಿಗೂ ಬಾರವು, ಮಗುವಿನ ಮೈಗೂ ಬಾರವು, ಆದರೆ ಬಿಸಿಲನ್ನು ಚೆನ್ನಾಗಿ ತಾಳುತ್ತವೆ. ಒಂದು ಸೀರೆಯನ್ನು ಅಡ್ಡಕ್ಕೆ ಎರಡು ಮಾಡಿದರೆ ಏಳು ಅಡಿ ಬಾಗಿಲಿಗೆ ಎರಡು ಪರದೆ. ಮೇಲೆ ಮೂರಿಂಚು ಮಡಚಿ ರಾಡು ತೂರಿಸುವಷ್ಟು ಜಾಗ ಬಿಟ್ಟು ಹೊಲಿದರೆ ಮುಗಿಯಿತು. ಹೊಲಿಗೆ ಕಲಿಯುವವರು ಇದರಿಂದಲೇ ಶುರು ಮಾಡಬಹುದು. ಬರೀ ನೇರ ಗೆರೆ.

ಅಡುಗೆಮನೆಯ ಹಿಡಿಬಟ್ಟೆಗೆ ಮಾತ್ರ ಸಿಂಥೆಟಿಕ್ ಚೂರೂ ಸೇರಬಾರದು. ಬಿಸಿ ಪಾತ್ರೆಗೆ ಕರಗಿ ಕೈಗೆ ಅಂಟುತ್ತದೆ. ಹೊರಗೆ ಕಾಟನ್, ಒಳಗೆ ಹಳೆ ಟರ್ಕಿ ಟವಲಿನ ಎರಡು ಪದರ ಇಟ್ಟು ಹೊಲಿಯಿರಿ. ಕಾಲೊರಸಿಗೆ ಟೀ ಶರ್ಟುಗಳನ್ನು ಒಂದೂವರೆ ಇಂಚಿನ ಪಟ್ಟಿ ಮಾಡಿ ಜಡೆ ಹೆಣೆದು ಸುತ್ತಿ ಹೊಲಿಯುವುದು ಸುಲಭ. ಮಕ್ಕಳೂ ಜಡೆ ಹೆಣೆಯುತ್ತಾರೆ. ಮಕ್ಕಳಿಗೆ ಬಟ್ಟೆ ಗೊಂಬೆ ಹೊಲಿದರೆ ಕಣ್ಣಿಗೆ ಗುಂಡಿ ಬೇಡ, ನೂಲಿನಲ್ಲೇ ಹೊಲಿಯಿರಿ. ಗುಂಡಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

ಸೂಜಿ, ಮಷಿನ್, ದರ್ಜಿ

ವರ್ಷಕ್ಕೆ ನಾಲ್ಕೈದು ವಸ್ತು ಹೊಲಿಯುವವರಿಗೆ ಮಷಿನ್ ಬೇಡ. ಕೌದಿ, ಹಿಡಿಬಟ್ಟೆ, ಕಾಲೊರಸು ಎಲ್ಲ ಸೂಜಿಯಲ್ಲೇ ಆಗುತ್ತದೆ. ಚೀಲ, ಪರದೆ, ದಿಂಬಿನ ಕವರ್ ಅಂತ ಆಗಾಗ ಹೊಲಿಯುವುದಾದರೆ ಮಷಿನ್ ಬೇಕು. ಆಗ ಪ್ರಶ್ನೆ ಕಾಲಿನದ್ದೋ ಕರೆಂಟಿನದ್ದೋ ಅನ್ನೋದು. ಕಾಲಿನ ಮಷಿನ್ ಬರೀ ನೇರ ಹೊಲಿಗೆ ಹಾಕುತ್ತದೆ, ಜಾಗ ಜಾಸ್ತಿ ತಿನ್ನುತ್ತದೆ. ಆದರೆ ಕರೆಂಟು ಹೋದರೂ ನಡೆಯುತ್ತದೆ, ಮೆಲ್ಲಗೆ ತುಳಿದರೆ ಮೆಲ್ಲಗೆ ಹೋಗುತ್ತದೆ, ಎಣ್ಣೆ ಬಿಡುತ್ತಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆ ಹೊಲಿಯುವವರಿಗೆ ಮಾತ್ರ ಜಿಗ್‌ಜ್ಯಾಗ್ (ಅಂಕುಡೊಂಕು) ಹೊಲಿಗೆ ಇರುವ ಕರೆಂಟ್ ಮಷಿನ್ ಬೇಕೇ ಬೇಕು. ಸ್ಟೇಪ್ಲರಿನಂತೆ ಕೈಯಲ್ಲಿ ಹಿಡಿಯುವ ಅಗ್ಗದ ಪುಟ್ಟ ಮಷಿನ್ ಕೊಳ್ಳಬೇಡಿ. ಅದು ಒಂದೇ ದಾರದ ಸರಪಳಿ ಹೊಲಿಗೆ. ತುದಿ ಸಡಿಲವಾದರೆ ಪೂರಾ ಬಿಚ್ಚಿಕೊಳ್ಳುತ್ತದೆ.

ಹಳೆ ಮಷಿನ್ ಕೊಳ್ಳುವಾಗ ನಿಮ್ಮದೇ ಎರಡು ತುಂಡು ಬಟ್ಟೆ ಒಯ್ಯಿರಿ, ಒಂದು ತೆಳು ಕಾಟನ್, ಒಂದು ಜೀನ್ಸಿನ ಮಡಿಕೆ. ಎರಡರ ಮೇಲೂ ಹೊಲಿದು ಹೊಲಿಗೆಯ ಮೇಲ್ಮೈ, ಒಳಮೈ ಎರಡನ್ನೂ ನೋಡಿ. ಎರಡು ಬದಿಯೂ ಒಂದೇ ಥರ ಇರಬೇಕು. ಕಾಟನ್ ಸೀರೆಗೆ 14ನೇ ನಂಬರಿನ ಸೂಜಿ, ಜೀನ್ಸಿಗೆ 16 ಅಥವಾ 18. ಹೊಸ ಸೂಜಿ ತರುವಾಗ ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿ. ಎಲ್ಲ ಮಷಿನ್ನಿಗೂ ಒಂದೇ ಸೂಜಿ ಕೂರುವುದಿಲ್ಲ.

ನೂಲು, ಗುಂಡಿ, ಲೇಸುಗಳಿಗೆ ಚಿಕ್ಕಪೇಟೆ ಅಥವಾ ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಇಬ್ರಾಹಿಂ ಸಾಹೇಬ್ ಸ್ಟ್ರೀಟ್. ಚಿಕ್ಕಪೇಟೆಗೆ ಹಸಿರು ಮಾರ್ಗದ ಮೆಟ್ರೋದಲ್ಲೇ ಹೋಗಿ, ಪಾರ್ಕಿಂಗಿನ ತಲೆನೋವಿಲ್ಲ. ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ. ಎರಡು ರೀಲು ದಾರಕ್ಕಾಗಿ ಅಲ್ಲಿವರೆಗೆ ಹೋಗಬೇಕಿಲ್ಲ, ಬೀದಿ ಕೊನೆಯ ಮ್ಯಾಚಿಂಗ್ ಸೆಂಟರ್ ಸಾಕು. ಚಿಕ್ಕಪೇಟೆಗೆ ಹೋದರೆ ಹೊಸ ಬಟ್ಟೆಯೂ ಮನೆಗೆ ಬಂದುಬಿಡುತ್ತದೆ. ಬೀರುವಿನ ಗಂಟು ಕರಗುವವರೆಗೆ ಹೊಸದು ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದರ್ಜಿಗೆ ಕೊಡಬೇಕಾದದ್ದು ಲಂಗ ಮತ್ತು ಅದರ ಬ್ಲೌಸ್ ಮಾತ್ರ. ತೋಳು ಕೂರಿಸುವುದು ಕಲಿಯುವವರ ಕೆಲಸವಲ್ಲ, ರೇಷ್ಮೆಯಲ್ಲಿ ತಪ್ಪಿದರೆ ಸೂಜಿಯ ತೂತು ಹಾಗೇ ಉಳಿಯುತ್ತದೆ. ಸೀರೆಯಿಂದ ದುಪಟ್ಟಾ ಕತ್ತರಿಸಿದ್ದರೆ ಅದರ ಅಂಚನ್ನು ಫಾಲ್ಸ್ ಪೀಕೋ ಅಂಗಡಿಗೆ ಕೊಡಿ, ಸ್ವಲ್ಪ ಹೊತ್ತಿನ ಕೆಲಸ. ಲಂಗದ ಬಟ್ಟೆಯನ್ನು ಆಷಾಢದಲ್ಲೇ ಕೊಟ್ಟುಬಿಡಿ. ಆಗ ಮದುವೆಗಳಿರುವುದಿಲ್ಲ, ದರ್ಜಿಗೆ ಬಿಡುವಿರುತ್ತದೆ, ಟಕ್ಸ್ ಎಲ್ಲಿ ಬೇಕು ಎಂದು ನಿಂತು ಹೇಳಿದರೆ ಕೇಳುವ ವ್ಯವಧಾನವೂ ಇರುತ್ತದೆ. ಶ್ರಾವಣ ಶುರುವಾದರೆ ಗೌರಿ ಹಬ್ಬದವರೆಗೂ ಹೊಸ ಬಟ್ಟೆ ತೆಗೆದುಕೊಳ್ಳುವುದಿಲ್ಲ ಅಂತ ಹೇಳಿಬಿಡುತ್ತಾರೆ.